ಪದ ಪರಿಚಯ: ಫೈಲ್ ಸಿಸ್ಟಮ್

ಒಂದು ಕಂಪ್ಯೂಟರಿನಲ್ಲಿ ಸರಾಗವಾಗಿ ತೆರೆದುಕೊಳ್ಳುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಇನ್ನೊಂದಕ್ಕೆ ಜೋಡಿಸಿದಾಗ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಬಂದರೆ ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗುವುದು ಸಹಜ. ಆದರೆ ಎಷ್ಟೋ ಸಲ ಅಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ. ಡಿಸ್ಕಿನ ಫೈಲ್ ಸಿಸ್ಟಮ್ ಆ ಕಂಪ್ಯೂಟರಿಗೆ ಅರ್ಥವಾಗಿರುವುದಿಲ್ಲ, ಅಷ್ಟೆ.

ಡಿಸ್ಕ್ ಎಂಬುದು ಮೂಲತಃ ಕ್ರಮಸಂಖ್ಯೆ ಹೊತ್ತ ಪುಟ್ಟ ಖಾನೆಗಳ ದೊಡ್ಡ ಸಾಲು. ಯಾವ ಫೈಲು ಯಾವ ಯಾವ ಖಾನೆಗಳಲ್ಲಿ ಹರಡಿದೆ, ಅದರ ಹೆಸರೇನು, ಗಾತ್ರವೆಷ್ಟು, ಖಾಲಿ ಉಳಿದಿರುವ ಖಾನೆಗಳು ಯಾವುವು ಎಂಬ ಲೆಕ್ಕವನ್ನು ಅದೇ ಡಿಸ್ಕಿನಲ್ಲಿ ಬರೆದಿಡುವ ಪದ್ಧತಿಗೆ ಫೈಲ್ ಸಿಸ್ಟಮ್ ಅಥವಾ ಕಡತ ವ್ಯವಸ್ಥೆ ಎಂದು ಹೆಸರು. ಫಾರ್ಮ್ಯಾಟ್ ಮಾಡುವುದೆಂದರೆ ಹಳೆಯ ಲೆಕ್ಕವನ್ನು ಕೈಬಿಟ್ಟು ಹೊಸ ಲೆಕ್ಕ ಆರಂಭಿಸುವುದು. ಆದ್ದರಿಂದಲೇ ಆ ಸೂಚನೆಗೆ ಆತುರದಲ್ಲಿ ಒಪ್ಪಿಗೆ ಕೊಡಬಾರದು.

ಈ ಪದ್ಧತಿ ಎಲ್ಲೆಡೆ ಒಂದೇ ಆಗಿಲ್ಲ. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್‌ಎಸ್ ಇಂದಿಗೂ ವಿಂಡೋಸಿನ ಮುಖ್ಯ ಫೈಲ್ ಸಿಸ್ಟಮ್. ಮ್ಯಾಕ್ ಕಂಪ್ಯೂಟರುಗಳು 2017ರಿಂದ ಎಪಿಎಫ್‌ಎಸ್‌ಗೆ ಹೊರಳಿವೆ. ಲಿನಕ್ಸಿನಲ್ಲಿ ಇಎಕ್ಸ್‌ಟಿ4 ಬಳಕೆ ಹೆಚ್ಚು. ಮ್ಯಾಕ್ ತಾನಾಗಿ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಅದರೊಳಗೆ ಬರೆಯುವುದಿಲ್ಲ. ಫೈಲುಗಳೆಲ್ಲ ಕಾಣುತ್ತಿದ್ದರೂ ಹೊಸದೊಂದನ್ನು ಕಾಪಿ ಮಾಡಲಾಗದೆ ಜನ ಕಂಗಾಲಾಗುವುದು ಇದರಿಂದಲೇ. ಎಪಿಎಫ್‌ಎಸ್ ಡಿಸ್ಕನ್ನಂತೂ ವಿಂಡೋಸ್ ತಾನಾಗಿ ಓದುವುದೂ ಇಲ್ಲ.

ಎಲ್ಲರಿಗೂ ಅರ್ಥವಾಗುವ ಹಳೆಯ ಪದ್ಧತಿಯೊಂದಿದೆ, ಫ್ಯಾಟ್32. ಅದರಲ್ಲಿ ಪ್ರತಿ ಫೈಲಿನ ವಿವರಕ್ಕೆ ಮೀಸಲಾದ 32 ಬೈಟುಗಳಲ್ಲಿ ಗಾತ್ರವನ್ನು ಬರೆಯಲು ಸಿಗುವುದು ನಾಲ್ಕೇ ಬೈಟು. ನಾಲ್ಕು ಬೈಟಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4,29,49,67,295 ಆದ್ದರಿಂದ, ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿಯಿದ್ದರೂ 4 ಜಿಬಿ ಮುಟ್ಟುವ ಒಂದೇ ಒಂದು ವಿಡಿಯೊ ಅದರಲ್ಲಿ ಕೂರುವುದಿಲ್ಲ. ಜಾಗ ಸಾಲದೆ ಅಲ್ಲ, ಅಳತೆ ಬರೆದಿಡಲು ಅಂಕಿ ಸಾಲದೆ!

ಈ ಮಿತಿಯನ್ನು ದಾಟಲು ಮೈಕ್ರೋಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್ ಗಾತ್ರಕ್ಕೆ ಎಂಟು ಬೈಟು ಕೊಟ್ಟಿತು. ಮ್ಯಾಕ್ 2010ರಿಂದ ಇದನ್ನು ಓದಿ ಬರೆಯುತ್ತಿದೆ. 2019ರಲ್ಲಿ ಮೈಕ್ರೋಸಾಫ್ಟ್ ಇದರ ವಿವರಣೆಯನ್ನು ಪ್ರಕಟಿಸಿದ ಮೇಲೆ ಲಿನಕ್ಸಿನ ತಿರುಳಾದ ಕರ್ನೆಲ್ಲಿಗೂ ಇದು ಸೇರಿತು. ಬೇರೆ ಬೇರೆ ಕಂಪ್ಯೂಟರುಗಳ ನಡುವೆ ಓಡಾಡುವ ಡಿಸ್ಕಿಗೆ ನನ್ನ ಮಟ್ಟಿಗೆ ಇದೇ ಸರಿಯಾದ ಆಯ್ಕೆ. ಕೊರತೆಯೂ ಇಲ್ಲದಿಲ್ಲ: ಮಾಡಲಿರುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ಜರ್ನಲಿಂಗ್ ಎಂಬ ಏರ್ಪಾಡು ಎನ್‌ಟಿಎಫ್‌ಎಸ್‌ನಲ್ಲಿದೆ, ಎಕ್ಸ್‌ಫ್ಯಾಟ್‌ನಲ್ಲಿಲ್ಲ. ಹೀಗಾಗಿ ಕಾಪಿ ನಡೆಯುತ್ತಿರುವಾಗಲೇ ಕೇಬಲ್ ಕಿತ್ತರೆ ಲೆಕ್ಕ ಅರ್ಧಕ್ಕೆ ನಿಂತು ಫೈಲುಗಳು ಹಾಳಾಗುವ ಸಾಧ್ಯತೆ ಇದರಲ್ಲಿ ಹೆಚ್ಚು. ವಿಂಡೋಸ್ ಕಂಪ್ಯೂಟರುಗಳಲ್ಲಷ್ಟೇ ಬಳಕೆಯಾಗುವ ಡಿಸ್ಕಾದರೆ ಎನ್‌ಟಿಎಫ್‌ಎಸ್ ಬಿಟ್ಟು ಇದಕ್ಕೆ ಬದಲಾಯಿಸಲು ಕಾರಣವೇ ಇಲ್ಲ.