ಥೈಮೋಸೈಟ್ ವಲಸೆ

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ-ಕೋಶಗಳ ಮೂಲ ಅಸ್ಥಿಮಜ್ಜೆಯಲ್ಲಿದ್ದರೂ ಅವು ಬಲಿಯುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಬಲಿಯುತ್ತಿರುವ ಕೋಶವೇ ಥೈಮೋಸೈಟ್. ಹಂತ ಬದಲಾದಂತೆ ಅದು ಗ್ರಂಥಿಯೊಳಗೆ ಜಾಗ ಬದಲಿಸುವುದಕ್ಕೆ ಥೈಮೋಸೈಟ್ ವಲಸೆ ಎನ್ನುತ್ತಾರೆ.

ಥೈಮಸ್ಸಿನ ಹೊರಭಾಗ ಕಾರ್ಟೆಕ್ಸ್, ಒಳಭಾಗ ಮೆಡುಲ್ಲಾ. ರಕ್ತದಲ್ಲಿ ಬಂದ ಕೋಶ ಇವೆರಡರ ಗಡಿಯಲ್ಲಿರುವ ಸಣ್ಣ ರಕ್ತನಾಳಗಳಿಂದ ಒಳಗಿಳಿಯುತ್ತದೆ. ಮೆಡುಲ್ಲಾ ಪಕ್ಕದಲ್ಲೇ ಇದ್ದರೂ ಮೊದಲು ಹೋಗುವುದು ಎದುರು ದಿಕ್ಕಿಗೆ, ಕಾರ್ಟೆಕ್ಸಿನ ಹೊರ ಅಂಚಿಗೆ. ಆಗ ಅದರ ಮೈಮೇಲೆ ಟಿ-ಕೋಶದ ಗುರುತಿನ ಪ್ರೋಟೀನುಗಳಾದ ಸಿಡಿ4 ಆಗಲಿ ಸಿಡಿ8 ಆಗಲಿ ಇರುವುದಿಲ್ಲ. ಪ್ರೋಟೀನ್ ತುಣುಕುಗಳನ್ನು ಗುರುತಿಸುವ ಟಿ-ಕೋಶ ಗ್ರಾಹಕದ ಬೀಟಾ ಸರಪಳಿ ಸರಿಯಾಗಿ ಕೂಡಿಕೊಂಡರೆ ಕೋಶ ಬಹುಪಟ್ಟು ವಿಭಜನೆಗೊಂಡು, ಎರಡೂ ಗುರುತು ಹೊತ್ತು ಒಳಮುಖವಾಗಿ ತಿರುಗುತ್ತದೆ.

ಕಾರ್ಟೆಕ್ಸಿನಲ್ಲಿ ಅದರದು ಗುರಿಯಿಲ್ಲದ ನಿಧಾನದ ಅಲೆದಾಟ, ನಿಮಿಷಕ್ಕೆ ಕೆಲವೇ ಮೈಕ್ರಾನ್. ಮೂರು-ನಾಲ್ಕು ದಿನಗಳೊಳಗೆ ಅಲ್ಲಿನ ಎಪಿತೀಲಿಯಲ್ ಕೋಶಗಳು ತೋರಿಸುವ, ಪ್ರೋಟೀನ್ ತುಣುಕುಗಳನ್ನು ಎತ್ತಿಹಿಡಿಯುವ ಅಣುವಾದ ಎಂಎಚ್‌ಸಿಯನ್ನು ಹದವಾಗಿ ಹಿಡಿಯಬೇಕು, ಇಲ್ಲವೇ ಸಾಯಬೇಕು. ಬಹುಪಾಲು ಸಾಯುತ್ತವೆ. ಗೆದ್ದ ಕೋಶ ಸಿಸಿಆರ್7 ಎಂಬ ಗ್ರಾಹಕವನ್ನು ಹೊರತಂದು, ಸಿಸಿಎಲ್21 ಎಂಬ ಪ್ರೋಟೀನಿನ ಸೆಳೆತಕ್ಕೆ ಒಲಿದು ಮೆಡುಲ್ಲಾದತ್ತ ವೇಗವಾಗಿ ಹೊರಡುತ್ತದೆ.

ವಲಸೆಯ ಮಹತ್ವ ಇರುವುದೇ ಈ ತಿರುವಿನಲ್ಲಿ. ಮೆಡುಲ್ಲಾದ ಎಪಿತೀಲಿಯಲ್ ಕೋಶಗಳು ಏರ್ ಎಂಬ ಜೀನಿನ ನೆರವಿನಿಂದ ಇನ್ಸುಲಿನ್‌ನಂಥ ಬೇರೆ ಅಂಗಗಳ ಪ್ರೋಟೀನನ್ನೂ ತಯಾರಿಸಿ ತೋರಿಸುತ್ತವೆ; ಅವನ್ನು ಬಿಗಿಯಾಗಿ ಹಿಡಿದ ಟಿ-ಕೋಶ ಸಾಯುತ್ತದೆ, ಇಲ್ಲವೇ ಇತರ ಟಿ-ಕೋಶಗಳನ್ನು ಹತೋಟಿಯಲ್ಲಿಡುವ ನಿಯಂತ್ರಕ ಕೋಶವಾಗುತ್ತದೆ. ಏರ್ ಚೆನ್ನಾಗಿದ್ದರೂ ಕೋಶ ಅಲ್ಲಿಗೆ ಮುಟ್ಟದಿದ್ದರೆ ಪ್ರಯೋಜನವಿಲ್ಲ. ಸಿಸಿಆರ್7 ಇಲ್ಲದ ಇಲಿಗಳಲ್ಲಿ ಬಲಿತ ಕೋಶಗಳು ಕಾರ್ಟೆಕ್ಸಿನಲ್ಲೇ ಉಳಿಯುತ್ತವೆ, ಮುಂದೆ ಸ್ವಂತ ಅಂಗಾಂಶಗಳ ಮೇಲೇ ದಾಳಿ ನಡೆಯುತ್ತದೆ. ಗ್ರಂಥಿಯನ್ನು ಅರೆದು ಫ್ಲೋ ಸೈಟೊಮೆಟ್ರಿಯಲ್ಲಿ (ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸುವ ವಿಧಾನ) ಬರೀ ಎಣಿಸಿದರೆ ಈ ದೋಷ ಗೊತ್ತಾಗದು: ಅರೆದಾಗ ಕೋಶ ಎಲ್ಲಿತ್ತೆಂಬುದೇ ಅಳಿಸಿಹೋಗಿರುತ್ತದೆ. ತೆಳುವಾದ ಸೆಕ್ಷನ್ ಕೊಯ್ದು ಬಣ್ಣ ಹಾಕಿ ನೋಡಲೇಬೇಕು.

ಮೆಡುಲ್ಲಾದಲ್ಲಿ ಕೆಲವು ದಿನ ಕಳೆದ ಮೇಲೆ ಎಸ್1ಪಿ ಎಂಬ ಕೊಬ್ಬಿನ ಅಣುವನ್ನು ಗುರುತಿಸುವ ಗ್ರಾಹಕ ಮೂಡುತ್ತದೆ. ಎಸ್1ಪಿ ರಕ್ತದಲ್ಲಿ ಹೆಚ್ಚು, ಅಂಗಾಂಶದಲ್ಲಿ ಕಡಿಮೆ. ಹಾಗಾಗಿ ಕೋಶ ರಕ್ತದತ್ತ ಸಾಗಿ ಗಡಿಯ ನಾಳಗಳಿಂದಲೇ ಹೊರಬೀಳುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಫಿಂಗೊಲಿಮಾಡ್ ಈ ಗ್ರಾಹಕವನ್ನು ಕೋಶದ ಮೈಯಿಂದ ಇಳಿಸಿಬಿಡುವುದರಿಂದ ಬಲಿತ ಕೋಶಗಳು ಹೊರಬರಲಾರವು.

ಥೈಮಸ್ ಚಿಕ್ಕದಾಗಿದೆ ಎಂದಾಕ್ಷಣ ವಲಸೆ ಕೆಟ್ಟಿದೆ ಎಂದುಕೊಳ್ಳಬಾರದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಾಲ್ಮೊನೆಲ್ಲಾ ಸೋಂಕಿದ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಒತ್ತಡದ ಹಾರ್ಮೋನಾದ ಗ್ಲುಕೊಕಾರ್ಟಿಕಾಯ್ಡ್ ಮತ್ತು ಪ್ರತಿರಕ್ಷೆಯ ಸಂದೇಶ ಪ್ರೋಟೀನಾದ ಇಂಟರ್‌ಫೆರಾನ್-ಗಾಮಾ ಜೊತೆಗೂಡಿ ಎರಡೂ ಗುರುತಿನ ಥೈಮೋಸೈಟ್‌ಗಳ ಸಾವನ್ನು ಹೆಚ್ಚಿಸುವುದು ಕಂಡಿತು. ಗ್ರಂಥಿಯಲ್ಲಿ ಬಹುಸಂಖ್ಯಾತರು ಇವೇ ಆದ್ದರಿಂದ ಇವು ಸತ್ತರೆ ಗ್ರಂಥಿ ಕುಗ್ಗುತ್ತದೆ.