ಹೂ ಬಿಟ್ಟ ಗಿಡ ತರಬೇಡಿ

ಮಾರ್ಚ್ ಎರಡನೇ ವಾರದಿಂದ ನನ್ನ ವಾಟ್ಸಾಪ್‌ಗೆ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ಬಿಳಿ ಪ್ಲಾಸ್ಟಿಕ್ ಕುಂಡ, ಅದರ ಅಂಚಿಗೆ ಜೋತುಬಿದ್ದು ಒಣಗಿದ ಪೆಟೂನಿಯಾ, ಕೆಳಗೆ ಒಂದು ಸಾಲು: ‘ಮೇಡಂ, ದಿನಾ ನೀರು ಹಾಕ್ತಾ ಇದ್ದೆ, ಏನಾಯ್ತು ಇದಕ್ಕೆ?’ ಬೆಂಗಳೂರಿನ ಮನೆಗಳ ಕೈತೋಟ ನೋಡಿಕೊಳ್ಳುವ ಕೆಲಸ ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಮೊದಲು ಫೋನ್ ಮಾಡಿ ಕೇಳುತ್ತಿದ್ದರು, ಈಗ ಫೋಟೋ ಕಳಿಸುತ್ತಾರೆ. ನನ್ನ ಉತ್ತರ ಮಾತ್ರ ಅದೇ. ಏನೂ ಆಗಿಲ್ಲ, ಅದರ ಆಯಸ್ಸು ಮುಗಿಯಿತು. ನೀವು ಮನೆಗೆ ತಂದ ದಿನವೇ ಮುಗಿಯುತ್ತಾ ಬಂದಿತ್ತು.

ನೀರು, ಗೊಬ್ಬರ, ಬಿಸಿಲಿನ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದು ನಿಮಗೆಲ್ಲ ಗೊತ್ತು. ನನ್ನ ತಕರಾರು ನರ್ಸರಿಗೆ ಹೋಗಿ ನಿಲ್ಲುವ ಆ ಹತ್ತು ನಿಮಿಷದ ಮೇಲೆ. ಎಲ್ಲರೂ ಸೀದಾ ಹೂ ಇರುವ ಕಡೆಗೇ ಹೋಗುತ್ತಾರೆ. ಪಕ್ಕದಲ್ಲೇ ಅದೇ ಜಾತಿಯ, ಇನ್ನೂ ಮೊಗ್ಗೂ ಇಲ್ಲದ, ಗಟ್ಟಿಮುಟ್ಟಾದ ಸಸಿ ಅರ್ಧ ಬೆಲೆಗೆ ಕೂತಿರುತ್ತದೆ. ಅದರ ಕಡೆ ತಿರುಗಿಯೂ ನೋಡುವುದಿಲ್ಲ. ‘ಹೂ ಬಿಟ್ಟಿದೆ ಅಂದ್ರೆ ಗಿಡ ಚೆನ್ನಾಗಿದೆ ಅಂತ ತಾನೆ?’ ಎಂದು ನನ್ನನ್ನೇ ಕೇಳುತ್ತಾರೆ.

ಒಂದು ಸಲ ಒಬ್ಬರ ಎದುರಿಗೇ ಕವರ್ ಹರಿದು ತೋರಿಸಿದೆ. ಮೈತುಂಬ ಹೂ ಹೊತ್ತ ಡಯಾಂಥಸ್. ಕಪ್ಪು ಪಾಲಿಥೀನ್ ಸಿಪ್ಪೆಯಂತೆ ಕಳಚಿದ ಮೇಲೆ ಒಳಗೆ ಮಣ್ಣು ಕಾಣಲೇ ಇಲ್ಲ. ಬರೀ ಬೇರು. ಕವರಿನ ಗೋಡೆಗೆ ತಾಗಿ, ಹೋಗಲು ಜಾಗ ಸಿಗದೆ ಸುತ್ತು ಹೊಡೆದು, ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವ ಸಿಂಬೆಯ ಹಾಗೆ ಬಿಗಿದುಕೊಂಡಿತ್ತು. ನಡುವೆ ಉಳಿದದ್ದು ನಿಂಬೆಹಣ್ಣಿನಷ್ಟು ಕೆಮ್ಮಣ್ಣಿನ ಗಟ್ಟಿ ಉಂಡೆ. ಅದಕ್ಕೆ ನೀರು ಹಾಕಿದರೆ ಪಕ್ಕದಿಂದ ಜಾರಿ ಕೆಳಗೆ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಇಂಥ ಗಿಡವನ್ನು ನೀವು ದೊಡ್ಡ ಕುಂಡಕ್ಕೆ ಹಾಕಿ, ಸುತ್ತ ಒಳ್ಳೆಯ ಗೊಬ್ಬರದ ಮಣ್ಣು ತುಂಬಿಸಿ ನೆಮ್ಮದಿಯಾಗಿರುತ್ತೀರಿ. ಬೇರು ಆ ಹೊಸ ಮಣ್ಣಿಗೆ ಕಾಲಿಡುವುದೇ ಇಲ್ಲ. ಹೂ ಹೊತ್ತ ಗಿಡ ಹೊಸ ಬೇರು ಬಿಡುವ ಕೆಲಸಕ್ಕೆ ಕೈ ಹಾಕುವುದು ಕಡಿಮೆ. ತಿಂದದ್ದೆಲ್ಲ ಹೂವಿಗೆ, ಹೂವಿನ ಹಿಂದೆ ಬೀಜಕ್ಕೆ ಹೋಗುತ್ತದೆ. ಪೆಟೂನಿಯಾ, ಸಾಲ್ವಿಯಾ, ಫ್ಲಾಕ್ಸ್, ಕ್ಯಾಲೆಂಡುಲಾದಂಥವನ್ನು ನಾವು ಒಂದು ಋತುವಿಗೆಂದೇ ಬೆಳೆಸುವುದು. ಬಿಸಿಲು ಏರಿ ಬೀಜ ಕಟ್ಟಿತೆಂದರೆ ಅವುಗಳ ಬಾಳು ಮುಗಿಯಿತು. ಅದರ ಮೇಲೆ ನೆರಳುಬಲೆಯ ಕೆಳಗೆ, ತಂಪಿನಲ್ಲಿ ಬೆಳೆದದ್ದನ್ನು ತಂದು ಪಶ್ಚಿಮದ ಬಾಲ್ಕನಿಯ ಬಿಸಿಲಿಗೆ ಇಡುತ್ತೀರಿ. ಕೆಲವು ಗಿಡಗಳಿಗೆ ಕುಳ್ಳಗೆ, ಗುಂಡಗೆ ಇರಲೆಂದು ಬೆಳವಣಿಗೆ ತಡೆಯುವ ಔಷಧಿಯನ್ನೂ ಕೊಟ್ಟಿರುತ್ತಾರೆ. ಎಲ್ಲ ನರ್ಸರಿಯವರೂ ಹಾಗೆ ಮಾಡುತ್ತಾರೆ ಎನ್ನುತ್ತಿಲ್ಲ. ಅವರ ತಪ್ಪೂ ಅಲ್ಲ, ಹೂ ಇಲ್ಲದ ಗಿಡವನ್ನು ನೀವು ಕೊಳ್ಳುವುದಿಲ್ಲವಲ್ಲ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆ ಇದನ್ನು ಹೇಳುವುದು ಇನ್ನೂ ಕಷ್ಟ. ಗಾಜಿನ ಮನೆಯ ತುಂಬ ಹೂ ನೋಡಿದ ಕಣ್ಣಿಗೆ ತಮ್ಮ ಮನೆಯ ಮುಂದೆಯೂ ಹಾಗೇ, ವರ್ಷಪೂರ್ತಿ ಇರಬೇಕು ಅನ್ನಿಸುತ್ತದೆ. ಆದರೆ ಆ ಕುಂಡಗಳು ಗಾಜಿನ ಮನೆಯಲ್ಲಿ ಬೆಳೆದವಲ್ಲ. ತಿಂಗಳುಗಟ್ಟಲೆ ಬೇರೆ ಕಡೆ ಬೆಳೆಸಿ, ಮೊಗ್ಗು ಬಿರಿಯುವ ಹೊತ್ತಿಗೆ ತಂದು ಜೋಡಿಸುತ್ತಾರೆ. ಪ್ರದರ್ಶನ ಇರುವುದು ಹತ್ತು ಹನ್ನೆರಡು ದಿನ. ಲಾಲ್‌ಬಾಗಿಗೂ ಒಂದು ಹಿತ್ತಲಿದೆ ಎಂಬುದನ್ನು ನಾವು ಯೋಚಿಸುವುದೇ ಇಲ್ಲ. ಜನವರಿಯಲ್ಲಿ ನಿಮ್ಮ ಮನೆ ಮುಂದೆ ಪೆಟೂನಿಯಾ ಬೇಕೆಂದರೆ ಬೀಜ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ ಟ್ರೇಗೆ ಬೀಳಬೇಕು. ದಸರಾಕ್ಕೆ ಚೆಂಡುಹೂ ಬೇಕೆಂದರೆ ಎರಡು ತಿಂಗಳು ಹಿಂದೆ ಎಣಿಸಿ. ಗೌರಿ ಹಬ್ಬಕ್ಕೆ ಅಂಗಳದಲ್ಲಿ ಬಣ್ಣ ಬೇಕಿದ್ದರೆ ಜೂನ್‌ನಲ್ಲಿ ಕರ್ಣಕುಂಡಲದ ಬೀಜ ಹಾಕಿ. ಹೂ ಬೇಕಾದ ದಿನದಿಂದ ಹಿಂದಕ್ಕೆ ಎಣಿಸುವುದು, ಅಷ್ಟೇ ಲೆಕ್ಕ. ಮಗಳ ಮದುವೆಗೆ ಛತ್ರವನ್ನು ಎಂಟು ತಿಂಗಳು ಮೊದಲೇ ಗೊತ್ತುಮಾಡುವ ಜನ ಹೂವಿನ ವಿಷಯಕ್ಕೆ ಬಂದರೆ ಹಬ್ಬದ ಹಿಂದಿನ ಸಂಜೆ ನರ್ಸರಿಗೆ ಓಡುತ್ತಾರೆ. ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ನಮ್ಮೂರು ಸಾಗರದ ಕಡೆ. ಅಲ್ಲಿ ಮಳೆಗಾಲವೆಂದರೆ ಡೇರೆ ಹೂವಿನ ಕಾಲ. ಅಮ್ಮ ಚಳಿಗಾಲದಲ್ಲಿ ಗಿಡ ಒಣಗಿದ ಮೇಲೆ ಗೆಡ್ಡೆ ಅಗೆದು, ಬೂದಿ ಬೆರೆಸಿದ ಒಣಮಣ್ಣಿನಲ್ಲಿ ಮುಚ್ಚಿ ಅಟ್ಟದ ಮೇಲಿಡುತ್ತಿದ್ದಳು. ಬೇಸಿಗೆಯುದ್ದಕ್ಕೂ ಆ ಬುಟ್ಟಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಮೇ ಕೊನೆಗೆ, ರೋಹಿಣಿ ಮಳೆಯ ಹೊತ್ತಿಗೆ, ಬುಟ್ಟಿ ಕೆಳಗಿಳಿಯುತ್ತಿತ್ತು. ಒಂದೊಂದು ಗೆಡ್ಡೆಯನ್ನೂ ಬೆಳಕಿಗೆ ಹಿಡಿದು ಅದರ ಕುತ್ತಿಗೆಯ ಹತ್ತಿರ ಕಣ್ಣು ಹುಡುಕುತ್ತಿದ್ದಳು. ಕಣ್ಣಿಲ್ಲದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಕೊಳೆಯುತ್ತದೆಯೇ ಹೊರತು ಚಿಗುರುವುದಿಲ್ಲ. ಆಮೇಲೆ ಹಂಚಿಕೆ. ‘ಇದು ಕೆಳಗಿನ ಮನೆ ಅತ್ತಿಗೆಗೆ, ಹೋದ ಸಲ ಅವಳು ಹಳದಿ ಕೊಟ್ಟಿದ್ದಳು’ ಎಂದು ಬಾಳೆಪಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಮನೆಮನೆಗೆ ಗೆಡ್ಡೆ ಮುಟ್ಟಿಸಿ ಬರುತ್ತಿದ್ದೆ. ಊರಿನ ಯಾವ ಹೆಂಗಸೂ ಹೂವಿರುವ ಡೇರೆ ಗಿಡವನ್ನು ಕೊಂಡದ್ದು ನನಗೆ ನೆನಪಿಲ್ಲ. ಆಗಸ್ಟ್ ಹೊತ್ತಿಗೆ ಊಟದ ತಟ್ಟೆಯಗಲದ ಹೂಗಳು ಮಳೆ ಭಾರಕ್ಕೆ ತಲೆ ಬಾಗಿಸಿರುತ್ತಿದ್ದವು, ಒಂದೊಂದಕ್ಕೂ ಅಡಕೆ ದಬ್ಬೆಯ ಊರೆಗೋಲು.

ಊರಿನ ಮಾತಿಗೆ ಹೋದರೆ ಹಿಂದೆ ಬರುವುದು ನನಗೆ ಕಷ್ಟ. ಸರಿ, ಬೆಂಗಳೂರಿಗೆ ಬರೋಣ. 1908ರಲ್ಲಿ ಬರೋಡಾದಿಂದ ಇಲ್ಲಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಈ ಊರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂದು ಸರದಿ ಹಾಕಿದವರು. ಅವರ ನಂತರದವರೂ ಬೇರೆ ಬೇರೆ ಮರ ಸೇರಿಸುತ್ತಾ ಅದೇ ದಾರಿ ಹಿಡಿದರು. ಇವತ್ತಿಗೂ ಫೆಬ್ರುವರಿಯ ಗುಲಾಬಿ ಟಬೂಬಿಯಾ ಮುಗಿಯುವಾಗ ಹಳದಿಯದು ಶುರುವಾಗುತ್ತದೆ. ಹಿಂದೆಯೇ ಜಕರಾಂಡ, ಹೊಂಗೆಯ ಎಳೆಚಿಗುರು, ಬೇಸಿಗೆ ನೆತ್ತಿಗೆ ಬಂದಾಗ ಕಕ್ಕೆ ಮತ್ತು ಗುಲ್‌ಮೊಹರ್, ಮಳೆ ಬೀಳುವ ಮುಂಚೆ ಹೊಳೆದಾಸವಾಳ, ಮಳೆ ಹಿಂದೆ ಸರಿದ ಮೇಲೆ ಆಕಾಶಮಲ್ಲಿಗೆ. ಇಡೀ ಊರಿಗೆ ಹಾಕಿದ ಈ ಸರದಿಯನ್ನು ಹತ್ತು ಅಡಿ ಬಾಲ್ಕನಿಯಲ್ಲೂ ಹಾಕಬಹುದು.

ಅದಕ್ಕೆ ನಾನು ಗಿರಾಕಿಗಳಿಗೆ ಹೇಳುವುದು: ಕುಂಡಗಳಲ್ಲಿ ಮೂರನೇ ಒಂದು ಪಾಲು ಯಾವಾಗಲೂ ತಯಾರಿಯಲ್ಲಿರಲಿ. ಅವು ಕಾಣುವ ಜಾಗದಲ್ಲಿ ಇರಬೇಕಾಗಿಲ್ಲ. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಇರಲಿ. ಮೊಗ್ಗು ಬಂದದ್ದು ಬಾಗಿಲಿಗೆ ಇಳಿಯಲಿ, ಹೂ ಮುಗಿದದ್ದು ಮೇಲೆ ಹೋಗಲಿ. ನಡುವಿನ ಖಾಲಿಯನ್ನು ಕ್ರೋಟನ್, ಕೋಲಿಯಸ್ ಎಲೆಗಳ ಬಣ್ಣ ತುಂಬಿಸುತ್ತದೆ. ರಂಗೋಲಿಯ ಎರಡು ಬದಿಗೆ ನಾಲ್ಕೇ ಕುಂಡ ಇಟ್ಟರೂ ತಿಂಗಳಿಗೊಮ್ಮೆ ಅವು ಬದಲಾಗುತ್ತಿದ್ದರೆ ಬಂದವರು ನಿಂತು ನೋಡುತ್ತಾರೆ.

ವರ್ಷಗಟ್ಟಲೆ ಬಾಳುವ ಗಿಡಗಳಿಗೂ ಬಿಡುವು ಬೇಕು. ದುಂಡುಮಲ್ಲಿಗೆಗೆ ನವೆಂಬರ್ ಕೊನೆಗೆ ನೀರು ತಗ್ಗಿಸಿ, ಮೊಣಕಾಲೆತ್ತರಕ್ಕೆ ಕತ್ತರಿಸಿ ಎಂದರೆ ‘ಪಾಪ ಗಿಡ’ ಎನ್ನುತ್ತಾರೆ. ಕತ್ತರಿಸದಿದ್ದರೆ ಹೊಸ ಚಿಗುರಿಲ್ಲ, ಹೊಸ ಚಿಗುರಿಲ್ಲದೆ ಮಾರ್ಚ್‌ನಲ್ಲಿ ಮೊಗ್ಗಿಲ್ಲ. ಕಾಗದದ ಹೂವಿನದೂ ಅದೇ ಕಥೆ. ದಿನವೂ ನೀರುಂಡ ಬೋಗನ್‌ವಿಲ್ಲಾ ಬರೀ ಎಲೆ ಬಿಡುತ್ತದೆ. ಎಲೆ ಸ್ವಲ್ಪ ಬಾಡಿ ತಲೆ ತಗ್ಗಿಸುವವರೆಗೆ ಕಾಯ್ದು ನೀರು ಕೊಟ್ಟು ನೋಡಿ, ಬಿಸಿಲು ದಿನಕ್ಕೆ ಐದಾರು ಗಂಟೆ ಬೀಳುತ್ತಿದ್ದರೆ ಬಣ್ಣ ಬಂದೇ ಬರುತ್ತದೆ.

ಗುಲಾಬಿ, ದಾಸವಾಳ, ಬೋಗನ್‌ವಿಲ್ಲಾದ ವಿಷಯದಲ್ಲಿ ಬಣ್ಣ ಖಚಿತ ಮಾಡಿಕೊಳ್ಳಲು ಹೂ ನೋಡಬೇಕಾಗುತ್ತದೆ, ಒಪ್ಪುತ್ತೇನೆ. ಒಂದು ಹೂ ಇದ್ದರೆ ಸಾಕು. ಮನೆಗೆ ತಂದು ಕುಂಡ ಬದಲಾಯಿಸಿದ ದಿನ ಆ ಹೂ, ಮೊಗ್ಗು ಎರಡನ್ನೂ ಕಿತ್ತುಬಿಡಿ. ಸೇವಂತಿಗೆಯನ್ನು ಹೂ ಸಮೇತ ತಂದಿದ್ದರೆ ಹೂ ಮುಗಿದ ಮೇಲೆ ಎಸೆಯಬೇಡಿ. ನಾಲ್ಕು ಬೆರಳೆತ್ತರಕ್ಕೆ ಕತ್ತರಿಸಿ ನೆರಳಿಗಿಡಿ, ಬುಡದಿಂದ ಮರಿ ಬರುತ್ತವೆ, ಮಳೆಗಾಲದ ಶುರುವಿನಲ್ಲಿ ಅವನ್ನು ಬಿಡಿಸಿ ನೆಡಬಹುದು. ಇನ್ನೊಂದು ಮಾತು. ನಾನು ಹೇಳುವ ತಿಂಗಳುಗಳು ಬೆಂಗಳೂರು, ಮೈಸೂರಿನ ಹವೆಗೆ ಹೊಂದುವಂಥವು. ಕಲಬುರಗಿಯ ಬಿಸಿಲಿಗೆ, ಮಂಗಳೂರಿನ ಸೆಕೆಗೆ ಹಿಂದೆಮುಂದೆ ಆಗುತ್ತವೆ. ನಿಮ್ಮ ಊರಿನಲ್ಲಿ ಯಾರ ಅಂಗಳ ಚೆನ್ನಾಗಿದೆಯೋ ಅವರನ್ನು ಕೇಳಿ.

ಸೇವಂತಿಗೆ ಅಂದಾಗ ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ಮನೆಯವರು ನನ್ನ ಮಾತು ಕೇಳಿ ಶ್ರದ್ಧೆಯಿಂದ ಮರಿ ನೆಟ್ಟಿದ್ದರು. ಅಕ್ಟೋಬರ್ ಕೊನೆಯಾದರೂ ಒಂದು ಮೊಗ್ಗಿಲ್ಲ, ಗಿಡ ಮಾತ್ರ ಕಡುಹಸಿರಾಗಿ ಕೊಬ್ಬಿದೆ. ಬೆಳಿಗ್ಗೆ ಹೋಗಿ ನೋಡಿದೆ, ಏನೂ ತಿಳಿಯಲಿಲ್ಲ. ಗೊಬ್ಬರ ಹೆಚ್ಚಾಗಿರಬಹುದು ಎಂದು ಹೇಳಿ ಬಂದೆ. ಅದು ನನ್ನ ತಪ್ಪು ಅಂದಾಜು. ಮತ್ತೊಮ್ಮೆ ಅದೇ ದಾರಿಯಲ್ಲಿ ಸಂಜೆ ಏಳಕ್ಕೆ ಹೋಗುವಾಗ ನೋಡುತ್ತೇನೆ, ಬಾಲ್ಕನಿಯ ಕಂಬಿಗೆ ಉದ್ದಕ್ಕೂ ಸೀರಿಯಲ್ ಲೈಟು, ಕುಂಡಗಳ ಮೇಲೆ ಒಂದು ಎಲ್‌ಇಡಿ ದೀಪ. ‘ರಾತ್ರಿಯಿಡೀ ಇರುತ್ತೆ ಮೇಡಂ, ಗಿಡ ಚೆನ್ನಾಗಿ ಕಾಣ್ಲಿ ಅಂತ’ ಎಂದರು ಆ ಮನೆಯ ಯಜಮಾನರು, ಅಭಿಮಾನದಿಂದ.

ಸೇವಂತಿಗೆ ಮೊಗ್ಗು ಹಿಡಿಯುವುದು ರಾತ್ರಿಯ ಉದ್ದ ನೋಡಿ. ಬೆಂಗಳೂರಿನಲ್ಲಿ ಜೂನ್‌ನ ಹಗಲಿಗೂ ಡಿಸೆಂಬರ್‌ನ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯಷ್ಟು. ನಮಗೆ ಗೊತ್ತೇ ಆಗದ ಆ ಅಂತರ ಗಿಡಕ್ಕೆ ಗೊತ್ತಾಗುತ್ತದೆ. ರಾತ್ರಿ ಉದ್ದವಾಯಿತು, ಇನ್ನು ಹೂ ಬಿಡಬೇಕು ಎಂದು ಅದು ಸಿದ್ಧವಾಗುವಾಗ ನಡುರಾತ್ರಿ ದೀಪ ಉರಿಯುತ್ತಿದ್ದರೆ ಅದಕ್ಕೆ ಬೇಸಿಗೆಯೇ ಮುಗಿದಿಲ್ಲ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಸೇವಂತಿಗೆ ಹೊಲದ ತುಂಬ ಬಲ್ಬು ಉರಿಯುವುದನ್ನು ನೀವು ನೋಡಿರಬಹುದು. ರೈತರು ಹೂವನ್ನು ತಡಮಾಡಿಸಿ, ಗಿಡ ಮೊದಲು ಬೆಳೆಯಲೆಂದು ಬೇಕೆಂದೇ ಹಾಗೆ ಮಾಡುತ್ತಾರೆ. ಇವರು ಅಲಂಕಾರಕ್ಕೆ ಮಾಡಿದ್ದರು. ಅವತ್ತೇ ದೀಪ ಆರಿಸಿಸಿದೆ. ನಾಲ್ಕನೇ ವಾರಕ್ಕೆ ಸಾಸಿವೆ ಗಾತ್ರದ ಮೊಗ್ಗಿನ ಫೋಟೋ ಬಂತು, ಸಂಕ್ರಾಂತಿಗೆ ಹೂ.

ಆ ಯಜಮಾನರು ಈಗ ನನಗಿಂತ ಹೆಚ್ಚು ತಾಳ್ಮೆಯ ತೋಟಗಾರರಾಗಿದ್ದಾರೆ. ಅವರ ಮನೆಯಲ್ಲಿ ಒಂದು ಬ್ರಹ್ಮಕಮಲವಿದೆ, ಪಕ್ಕದ ಮನೆಯವರು ಕೊಟ್ಟ ಒಂದು ಎಲೆ ಊರಿ ಬಂದದ್ದು. ಅರಳಿದ ಹೂ ಬೆಳಗಾಗುವುದರೊಳಗೆ ಬಾಡುವುದರಿಂದ ಯಾವ ನರ್ಸರಿಯವರಿಗೂ ಇದನ್ನು ಹೂ ತೋರಿಸಿ ಮಾರಲು ಆಗುವುದಿಲ್ಲ. ಮೂರು ವರ್ಷ ಅದು ಬರೀ ಎಲೆಯ ಮೇಲೆ ಎಲೆ ಬಿಟ್ಟು ಗೋಡೆಗೆ ಒರಗಿಕೊಂಡಿತ್ತು. ‘ತೆಗೆದುಬಿಡಿ, ನೋಡೋಕೆ ಚೆನ್ನಾಗಿಲ್ಲ’ ಎಂದು ಮನೆಗೆ ಬಂದವರೆಲ್ಲ ಹೇಳಿದ್ದರಂತೆ. ಹೋದ ಆಗಸ್ಟ್‌ನಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ‘ಮೇಡಂ, ಮೊಗ್ಗು ಬಾಯಿ ಬಿಡ್ತಾ ಇದೆ, ಬರ್ತೀರಾ?’ ನಾನು ಹೋಗುವಷ್ಟರಲ್ಲಿ ಕೆಳಗಿನ ಮಹಡಿಯವರು, ಎದುರು ಮನೆಯ ಅಜ್ಜಿ, ಯಾರದೋ ನಿದ್ದೆಗಣ್ಣಿನ ಮಕ್ಕಳು ಎಲ್ಲ ಬಾಲ್ಕನಿಯಲ್ಲಿ ಸೇರಿದ್ದರು. ಅಜ್ಜಿ ಕುಂಡದ ಮುಂದೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿದ್ದರು. ಯಜಮಾನರು ಲೈಟು ಹಾಕಲು ಎದ್ದ ಹುಡುಗನನ್ನು ಕೈ ಹಿಡಿದು ಕೂರಿಸಿದರು. ಬೀದಿ ದೀಪದ ಮಸುಕು ಬೆಳಕಿನಲ್ಲಿ ಹೊರಗಿನ ಎಸಳು ಒಂದು ನಡುಗಿ ಹಿಂದಕ್ಕೆ ಬಾಗಿತು, ಬಾಲ್ಕನಿಯ ತುಂಬ ವಾಸನೆ ಹರಡಿತು.