ಒಂಬತ್ತನೇ ತರಗತಿಯ ‘ಡಿ’ ಎಲ್ಲಿಯವರೆಗೆ ಹಿಂಬಾಲಿಸುತ್ತದೆ?

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಎಂದರೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೇ ತರಗತಿ. ಕಾಲೇಜು ಪ್ರವೇಶದ ಸಲಹೆಗಾರಳಾದ ನನ್ನಲ್ಲಿಗೆ ಕನ್ನಡ ಕುಟುಂಬಗಳು ಹೆಚ್ಚಾಗಿ ಬರುವುದು ಅದರ ಮೊದಲ ವರ್ಷದ ಗ್ರೇಡುಗಳು ಕೈಸೇರಿದ ಮೇಲೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿಗಳನ್ನು ದಾಟಿ ಬಂದ ತಂದೆತಾಯಿಯರಿಗೆ ಒಂದು ದೊಡ್ಡ ಪರೀಕ್ಷೆ, ಒಂದು ಅಂಕಪಟ್ಟಿ ಎಂಬ ಲೆಕ್ಕ ರೂಢಿಯಾಗಿರುವುದರಿಂದ, ನಾಲ್ಕು ವರ್ಷವೂ ಸೆಮಿಸ್ಟರ್‌ಗೊಮ್ಮೆ ಗ್ರೇಡು ದಾಖಲಾಗುವ ಇಲ್ಲಿನ ಕ್ರಮ ಅವರನ್ನು ಕಂಗೆಡಿಸುತ್ತದೆ. “ಮೇಡಂ, ಇವನ ಕಥೆ ಇಲ್ಲಿಗೇ ಮುಗೀತಾ?” ಎಂದು ಮಗನ ಎದುರಿಗೇ ಕೇಳಿದವರಿದ್ದಾರೆ. ಅಂಥ ಮಾತನ್ನು ಹುಡುಗನನ್ನು ಹೊರಗೆ ಕೂರಿಸಿ ಕೇಳುವುದು ಒಳ್ಳೆಯದು.

ನಾನು ನೋಡಿದ ಒಂದು ಟ್ರಾನ್ಸ್‌ಕ್ರಿಪ್ಟನ್ನು, ಅಂದರೆ ಒಬ್ಬ ಹುಡುಗನ ಹೈಸ್ಕೂಲಿನ ಗ್ರೇಡುಗಳ ಪಟ್ಟಿಯನ್ನು, ಗುರುತು ಸಿಗದಂತೆ ತುಸು ಬದಲಿಸಿ, ಇಲ್ಲಿ ಬಿಡಿಸಿಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ಆರು ವಿಷಯ, ಎರಡು ಸೆಮಿಸ್ಟರ್, ಒಟ್ಟು ಹನ್ನೆರಡು ಗ್ರೇಡು: ಎರಡು ಎ, ನಾಲ್ಕು ಬಿ, ಐದು ಸಿ ಮತ್ತು ‘ಆಲ್ಜಿಬ್ರಾ ಒಂದು’ ಎಂಬ ಗಣಿತದ ವಿಷಯದಲ್ಲಿ ಒಂದು ಡಿ. ಎ ಗೆ 4, ಬಿ ಗೆ 3, ಸಿ ಗೆ 2, ಡಿ ಗೆ 1 ಎಂದು ಹಿಡಿದರೆ ಆ ವರ್ಷದ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 2.58. ಹತ್ತನೆಯದರಲ್ಲಿ ಆರು ಎ, ಆರು ಬಿ. ಹನ್ನೊಂದನೆಯದರಲ್ಲಿ ಎಪಿ ಎಂಬ ಕಾಲೇಜು ಮಟ್ಟದ ಮೂರು ವಿಷಯಗಳೂ ಸೇರಿ ಒಂಬತ್ತು ಎ, ಮೂರು ಬಿ. ಮೂರೂ ವರ್ಷ ಕೂಡಿಸಿದರೆ 3.28, ಅಂದರೆ ಸುಮಾರಾದ ಅಂಕಿ. ಆದರೆ ಹಲವು ಊರುಗಳಲ್ಲಿ ಕ್ಯಾಂಪಸ್‌ಗಳಿರುವ ಸರ್ಕಾರಿ ವಿಶ್ವವಿದ್ಯಾಲಯವಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಎಲ್ಲರ ಬಾಯಲ್ಲಿ ಯುಸಿ, ತನ್ನ ಜಿಪಿಎಯನ್ನು ಬೇರೆ ರೀತಿಯಲ್ಲಿ ಕಟ್ಟುತ್ತದೆ. ಒಂಬತ್ತನೇ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದನೆಯದು ಮುಗಿದ ಬೇಸಿಗೆಯವರೆಗೆ, ‘ಎ-ಜಿ’ ಎಂಬ, ಪ್ರವೇಶಕ್ಕೆ ಯುಸಿ ಕೇಳುವ ಪಟ್ಟಿಯ ವಿಷಯಗಳಲ್ಲಿ ಪಡೆದ ಗ್ರೇಡುಗಳು ಮಾತ್ರ ಆ ಲೆಕ್ಕಕ್ಕೆ ಬರುತ್ತವೆ. ಎಪಿ ವಿಷಯದಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡು ಬಂದರೆ ಸೆಮಿಸ್ಟರ್‌ಗೆ ಒಂದು ಅಂಕ ಹೆಚ್ಚುವರಿಯಾಗಿ ಸಿಗುತ್ತದೆ. ಹಾಗೆ ಎಂಟು ಸೆಮಿಸ್ಟರ್‌ಗಳವರೆಗೆ ಪಡೆಯಬಹುದು. ಇವನ ಹತ್ತು, ಹನ್ನೊಂದನೆಯ ತರಗತಿಗಳ ಇಪ್ಪತ್ತನಾಲ್ಕು ಗ್ರೇಡುಗಳಿಗೆ 87, ಎಪಿಯ ಆರು ಸೇರಿ 93, ಭಾಗಿಸಿದರೆ 3.87. ಅದೇ ಹುಡುಗ, ಅದೇ ಕಾಗದ.

ಹಾಗೆಂದು ಒಂಬತ್ತನೆಯದು ಅಳಿಸಿಹೋಯಿತು ಎಂದುಕೊಳ್ಳಬಾರದು. ಅರ್ಜಿಯಲ್ಲಿ ಆ ವರ್ಷದ ಗ್ರೇಡುಗಳನ್ನೂ ತುಂಬಲೇಬೇಕು. ಓದುವವರ ಕಣ್ಣಿಗೆ ಅವು ಬೀಳುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಎ-ಜಿ ವಿಷಯದಲ್ಲಿ ಡಿ ಬಂದರೆ ಶಾಲೆ ಪಾಸು ಎಂದರೂ ಯುಸಿ ಒಪ್ಪುವುದಿಲ್ಲ, ಅಲ್ಲಿ ಸಿ ಬೇಕೇ ಬೇಕು. ಗಣಿತದಲ್ಲೂ ಸ್ಪ್ಯಾನಿಷ್‌ನಂಥ ಭಾಷೆಗಳಲ್ಲೂ ಒಂದು ರಿಯಾಯಿತಿ ಇದೆ. ಮುಂದಿನ ಹಂತದಲ್ಲಿ ಸಿ ಅಥವಾ ಅದಕ್ಕಿಂತ ಮೇಲೆ ಬಂದರೆ ಹಿಂದಿನ ಹಂತದ ಕೊರತೆ ತುಂಬಿತೆಂದು ಎಣಿಸುತ್ತಾರೆ. ಈ ಹುಡುಗನ ‘ಆಲ್ಜಿಬ್ರಾ ಒಂದು’ ವಿಷಯದ ಡಿಯನ್ನು ‘ಆಲ್ಜಿಬ್ರಾ ಎರಡು’ ಹೀಗೆ ತೀರಿಸಿತು. ಇಂಗ್ಲಿಷಿಗೆ, ಇತಿಹಾಸಕ್ಕೆ ಆ ಅನುಕೂಲವಿಲ್ಲ, ಆ ಸೆಮಿಸ್ಟರನ್ನು ಮತ್ತೆ ಓದಬೇಕು. ಇದನ್ನು ಹನ್ನೆರಡನೇ ತರಗತಿಯ ನವೆಂಬರಿನಲ್ಲಿ, ಅರ್ಜಿ ಹಾಕುವ ಗಡಿಬಿಡಿಯಲ್ಲಿ, ಕಂಡುಕೊಂಡವರನ್ನು ನಾನು ನೋಡಿದ್ದೇನೆ. ಆಗ ಹೇಳಲು ನನ್ನ ಬಳಿಯೂ ಹೆಚ್ಚೇನು ಇರುವುದಿಲ್ಲ.

ಎಸ್‌ಎಟಿ ಎಂಬ ಕಾಲೇಜು ಪ್ರವೇಶದ ಪರೀಕ್ಷೆಗೆ ಕೋಚಿಂಗ್‌ ಸೇರಿಸಿ ಸರಿದೂಗಿಸೋಣ ಎನ್ನುವವರಿಗೆ ಒಂದು ಮಾತು: ಪ್ರವೇಶದ ತೀರ್ಮಾನಕ್ಕೆ ಯುಸಿ ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ.

ನೋಡುವುದು ಹುಡುಗನ ಬರಹವನ್ನು. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ, ತಲಾ 350 ಪದ ಮೀರದಂತೆ ಉತ್ತರಿಸಬೇಕು. ಇದರ ಹೊರತಾಗಿ ಹೆಚ್ಚಿನ ವಿವರಕ್ಕೆಂದು ಒಂದು ಜಾಗವಿದೆ. ಅರ್ಜಿಯ ಜೊತೆಗೆ ಶಿಕ್ಷಕರ ಶಿಫಾರಸು ಪತ್ರವನ್ನು ಯುಸಿ ಸಾಮಾನ್ಯವಾಗಿ ಕೇಳುವುದಿಲ್ಲವಾದ್ದರಿಂದ, ಮೊದಲ ವರ್ಷ ಏಕೆ ಕೆಟ್ಟಿತೆಂದು ಅವನ ಪರವಾಗಿ ಹೇಳುವವರು ಬೇರೆ ಯಾರೂ ಇರುವುದಿಲ್ಲ. ಈ ಹುಡುಗ ಮೊದಲು ಬರೆದು ತಂದದ್ದು ಪುಟಗಟ್ಟಲೆ: ಊರು ಬದಲಾದದ್ದು, ಗಣಿತದ ಟೀಚರಿಗೆ ತನ್ನನ್ನು ಕಂಡರಾಗದಿದ್ದದ್ದು, ಇನ್ನೂ ಏನೇನೋ. ಉಳಿಸಿದ್ದು ಎರಡೇ ವಾಕ್ಯ. “ಆಗಸ್ಟಿನಲ್ಲಿ ಮನೆ ಬದಲಾಯಿತು, ಮೊದಲ ಸೆಮಿಸ್ಟರ್ ಪೂರ್ತಿ ಹೋಮ್‌ವರ್ಕ್ ಒಪ್ಪಿಸಲಿಲ್ಲ. ಹತ್ತನೆಯದರಿಂದ ಪ್ರತಿ ಮಂಗಳವಾರ ಗಣಿತದ ಟ್ಯುಟೋರಿಂಗ್‌ಗೆ ಹೋಗಿ ಕೂತೆ.” ಟೀಚರಿನ ಮಾತನ್ನು ಬಿಟ್ಟೆವು.

ಯುಸಿಯ ಕ್ಯಾಂಪಸ್‌ಗಳಾದ ಬರ್ಕ್ಲಿ ಅಥವಾ ಯುಸಿಎಲ್‌ಎಯಲ್ಲಿ ಕಂಪ್ಯೂಟರ್ ಸೈನ್ಸ್‌ಗೆ 3.87 ಸಾಲದು ಎಂದು ಅವನ ತಂದೆಗೆ ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ನಾಲ್ಕೂ ವರ್ಷವನ್ನು ಎಣಿಸುವ ದೊಡ್ಡ ಹೆಸರಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ದಾರಿ ಇನ್ನೂ ಕಿರಿದು. ಯುಸಿಯ ಮರ್ಸೆಡ್, ರಿವರ್‌ಸೈಡ್, ಸಾಂತಾಕ್ರೂಜ್ ಕ್ಯಾಂಪಸ್‌ಗಳನ್ನು ಪಟ್ಟಿಗೆ ಸೇರಿಸಲು ಒಪ್ಪಿದ ತಂದೆ, ಎರಡು ವರ್ಷದ ಸ್ಥಳೀಯ ಕಾಲೇಜಾದ ಕಮ್ಯುನಿಟಿ ಕಾಲೇಜು ಎಂದೊಡನೆ ಮುಖ ಸಿಂಡರಿಸಿದರು. ನಮ್ಮವರಲ್ಲಿ ಈ ಮುಜುಗರ ನನಗೆ ಇಂದಿಗೂ ಅರ್ಥವಾಗಿಲ್ಲ. ಕುಪರ್ಟಿನೋದ ಡಿ ಆಂಜಾದಂಥ ಕಾಲೇಜಿನಲ್ಲಿ ಎರಡು ವರ್ಷ ಓದಿ ಯುಸಿಗೆ ವರ್ಗವಾಗುವಾಗ ಹೈಸ್ಕೂಲಿನ ಗ್ರೇಡುಗಳು ಲೆಕ್ಕಕ್ಕೇ ಬರುವುದಿಲ್ಲ. ಡೇವಿಸ್, ಅರ್ವೈನ್, ಸಾಂತಾ ಬಾರ್ಬರಾ ಸೇರಿದಂತೆ ಆರು ಕ್ಯಾಂಪಸ್‌ಗಳು, ನಿಗದಿತ ವಿಷಯಗಳನ್ನೂ ಜಿಪಿಎಯನ್ನೂ ಪೂರೈಸಿದವರಿಗೆ ಸೀಟಿನ ಖಾತರಿಯನ್ನೇ ಬರೆದುಕೊಡುತ್ತವೆ; ಕೆಲವು ಕೋರ್ಸುಗಳಿಗೆ ಮಾತ್ರ ಅದು ಸಿಗದು.

ಹುಡುಗ ಈಗ ಹನ್ನೆರಡನೆಯದರಲ್ಲಿದ್ದಾನೆ. ಈ ವರ್ಷದ ಗ್ರೇಡು ಯುಸಿ ಜಿಪಿಎಗೆ ಸೇರುವುದಿಲ್ಲ ಎಂದು ತಿಳಿದ ದಿನವೇ ಪ್ರಿ-ಕ್ಯಾಲ್ಕುಲಸ್ ಬಿಡಲೇ ಎಂದು ಕೇಳಿದ. ಸಿಗುವ ಸೀಟು ಷರತ್ತಿನದು, ಹನ್ನೆರಡನೆಯದರ ಅಂತಿಮ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಿ ಕಂಡರೆ ಅದನ್ನು ಹಿಂತೆಗೆದುಕೊಳ್ಳಬಹುದು ಎಂದೆ. ಪ್ರಿ-ಕ್ಯಾಲ್ಕುಲಸ್ ಉಳಿದುಕೊಂಡಿದೆ.